ಗಂಗವ್ವನ ಪಾಳಿಗೆ ಸೊನ್ನೆ

“ಏ ತಮ್ಮಾ, ಈಗರ ಮೂರನೇ ನಂಬರಿನಾಗ ಇದ್ದೆ. ನೀರು ಕುಡದು ಬರೂದ್ರಾಗ ಏಳು ಹೆಂಗಾತಲೇ?” ಎಂದು ಅಸುಂಡಿಯ ಗಂಗವ್ವ ನನ್ನ ಎದುರು ಬಂದು ನಿಂತಳು. ಮೆಣಸಿನಕಾಯಿ ಚೀಲದ ಮೇಲೆ ಕೂತಿದ್ದ ಉಳಿದವರೂ ಎದ್ದರು. ಬೆಟಗೇರಿಯ ನಮ್ಮ ಖಾರ ಕುಟ್ಟುವ ಗಿರಣಿಯಲ್ಲಿ ಯಂತ್ರಕ್ಕಿಂತ ಜನರ ಸಪ್ಪಳ ಜೋರಾಯಿತು.

ತಪ್ಪು ನನ್ನದೇ. ಏಳನೇ ಇಯತ್ತೆಗೆ ಶಾಲೆ ಬಿಟ್ಟವನು ನಾನು. ಆರು ವರ್ಷ ಖಾರ ಕುಟ್ಟಿದೆ, ಆರು ವರ್ಷವೂ ಸೀನಿದೆ. ಎಂಟು ದಿನದ ಹಿಂದೆ ಧಣಿ ನನ್ನನ್ನು ಕಂಪ್ಯೂಟರ್ ಮುಂದಿನ ಕುರ್ಚಿಗೆ ಕೂರಿಸಿದರು. ಬಂದವರ ಹೆಸರನ್ನು ಪಾಳಿ ಪ್ರಕಾರ ಒತ್ತಬೇಕು, ಪರದೆ ಜನರಿಗೂ ಕಾಣಬೇಕು, ಅಷ್ಟೇ ಕೆಲಸ. “ಪಾಳಿ ಜಗಳ ಆತಂದ್ರ ಮತ್ತ ಕುಟ್ಟಾಕ ಹೋಗ್ತಿ ನೋಡು” ಎಂದೂ ಹೇಳಿದ್ದರು. ಆ ಕುರ್ಚಿಯಲ್ಲಿ ಸೀನು ಬರುವುದಿಲ್ಲ. ಅದನ್ನು ಕಳೆದುಕೊಳ್ಳುವವನು ಹುಚ್ಚ.

ಖಾರದ ಪುಡಿ ಹೊಕ್ಕು ಮೂರು ಮೌಸ್ ಸತ್ತಿದ್ದವು. ಅದಕ್ಕೇ ಧಣಿಯ ಮಗಳು, ಕೀಲಿಮಣೆ ಒಂದರಿಂದಲೇ ನಡೆಯುವ ಕರಿ ಪರದೆಯ ಎಡಿಟರ್ ಎಂಬ ಬರೆಯುವ ತಂತ್ರಾಂಶ ಹಾಕಿಕೊಟ್ಟಿದ್ದಳು. ಪ್ರತಿ ಸಾಲಿನ ಮುಂದೆ ಒಂದು, ಎರಡು, ಮೂರು ಎಂದು ನಂಬರು. “ಸೆಟ್ಟಿಂಗ್ ಮುಟ್ಟಬ್ಯಾಡೋ” ಎಂದಳು. ಹಾಗೆಂದ ಮೇಲೆ ಮುಟ್ಟದೆ ಇರುವುದು ನನಗೆ ಬರುವುದಿಲ್ಲ. ಬಣ್ಣ ಬದಲಿಸಿದೆ. ಕರ್ಸರ್ ಇರುವ ಸಾಲಿಗೆ ಪಟ್ಟೆ ಎಳೆದೆ. ಆಮೇಲೆ ಮೊಬೈಲ್ ನೋಡಿ ಇನ್ನೊಂದು ಬಗೆಯ ನಂಬರು ಹಾಕಿದೆ. ಅದರಲ್ಲಿ ಕರ್ಸರ್ ಇರುವ ಸಾಲು ಸೊನ್ನೆ; ಉಳಿದ ಸಾಲುಗಳಿಗೆ ಅಲ್ಲಿಂದ ಎಷ್ಟು ದೂರವೋ ಅಷ್ಟು ನಂಬರು. ಕುಟ್ಟಿಸುತ್ತಿರುವವನ ಹೆಸರಿನ ಮೇಲೆ ಕರ್ಸರ್ ಇಟ್ಟರೆ ಸಾಕು, ಇನ್ನೆಷ್ಟು ಪಾಳಿ ಕಾಯಬೇಕೆಂದು ಎಲ್ಲರಿಗೂ ತಾನೇ ತಿಳಿಯುತ್ತದೆ! ಕುರ್ಚಿಯಲ್ಲೇ ಕುಣಿದೆ.

ಮುಂಜಾನೆ ಚಂದ ನಡೆಯಿತು. ಆಮೇಲೆ, ಮೊದಲಿಗೇ ಕುಟ್ಟಿಸಿಕೊಂಡು ಹೋದವನ ಊರು ಕುರ್ತಕೋಟಿ ಎಂದು ತಿದ್ದಲು ಕರ್ಸರನ್ನು ನಾಲ್ಕು ಸಾಲು ಮೇಲಕ್ಕೆ ಒಯ್ದೆ. ಕಾಯುವವರ ನಂಬರೆಲ್ಲ ನಾಲ್ಕು ನಾಲ್ಕು ಏರಿಬಿಟ್ಟವು.

“ನಿಂದ್ರಬೇ, ಹುಡುಕ್ತೇನಿ” ಎಂದು ಗಂಗವ್ವನ ಹೆಸರು ಒತ್ತಿದೆ. ಹುಡುಕಿದ್ದು ಎಲ್ಲೆಲ್ಲಿದೆಯೋ ಅಲ್ಲೆಲ್ಲ ಹಳದಿಯಾಗಿ ಹೊಳೆಯಲಿ ಎಂಬ ಸೆಟ್ಟಿಂಗೂ ನನ್ನದೇ. ಮೂವರು ಗಂಗವ್ವಂದಿರು ಹೊಳೆದರು. ಮೂವರೂ ಚೀಲ ಎಳೆದುಕೊಂಡು ಮುಂದೆ ಬಂದರು. ಕರ್ಸರ್ ಅಸುಂಡಿಯವಳ ಹೆಸರಿನ ಮೇಲೆ ಹೋಗಿ ಕೂತಿತು; ಆ ಸಾಲು ಸೊನ್ನೆಯಾಯಿತು.

“ಸೊನ್ನಿ? ನಸುಕಿನ್ಯಾಗ ಬಂದು ಕುಂತಾಕಿಗೆ ಸೊನ್ನಿ ಕೊಡ್ತಿಯೇನಲೇ ಹುಚ್ಚಪ್ಯಾಲಿ?”

“ಯವ್ವಾ, ಸೊನ್ನಿ ಅಂದ್ರ ನಿನ್ನ ಪಾಳಿ ಬಂತು ಅಂತ!”

“ಸಾಲ್ಯಾಗ ನಿನಗ ಸೊನ್ನಿ ಕೊಟ್ಟಾಗ ಯಾವ ಪಾಳಿ ಬಂದಿತ್ತೋ?”

ಬಂದಿತ್ತು, ಮನೆಗೆ ಹೋಗುವ ಪಾಳಿ. ಅದನ್ನು ಹೇಳದಿದ್ದರೂ ಎಲ್ಲರೂ ನಕ್ಕರು.

ಧಣಿ ಬಂದರು. ಪರದೆಯನ್ನು ನೋಡಲೇ ಇಲ್ಲ. ಸೀಮೆಸುಣ್ಣದಿಂದ ಚೀಲಗಳ ಮೇಲೆ ನಂಬರು ಬರೆದರು. ಜಗಳ ಮುಗಿಯಲೆಂದು ಗಂಗವ್ವನ ಚೀಲಕ್ಕೆ ದೊಡ್ಡದೊಂದು ‘ಒಂದು’. ನನ್ನ ಕಡೆ ತಿರುಗಿ, “ಏಳಲೇ” ಎಂದರು.

ಎದ್ದೆ. ಯಂತ್ರದ ಮುಂದೆ ಮೊದಲು ಬಂದದ್ದು ಅದೇ ಚೀಲ. “ಸಣ್ಣಗ ಕುಟ್ಟು ಮತ್ತ. ಇದನ್ನೂ ಸೊನ್ನಿ ಮಾಡಬ್ಯಾಡ” ಎಂದಳು ಗಂಗವ್ವ. ನನ್ನ ಸೆಟ್ಟಿಂಗ್ ಸರಿಯಾಗಿಯೇ ಇತ್ತು ಎಂದು ಹೇಳಲು ಬಾಯಿ ತೆರೆದೆ. ಖಾರ ಹೊಕ್ಕಿತು. ಮಾತಿನ ಬದಲು ಸೀನು ಬಂತು.