ಎಂಬತ್ತಾರರ ಫೋಲ್ಡರು

ಹೊಸಪೇಟೆಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುತ್ತಾ ಮಾಡುತ್ತಾ ನನ್ನ ತಲೆ ಅರ್ಧ ಬೆಳ್ಳಗಾಗಿದೆ. ಈ ಯಂತ್ರ ಹೊಸ ಸಾಫ್ಟ್‌ವೇರುಗಳನ್ನು ಒಂದು ಫೋಲ್ಡರಿನಲ್ಲಿ ಇಡುತ್ತದೆ. ಹಳೇ ಕಾಲದವನ್ನು ಅದೇ ಹೆಸರಿನ ಪಕ್ಕ ಎಂಬತ್ತಾರು ಅಂತ ಬರೆದ ಇನ್ನೊಂದರಲ್ಲಿ. ಎರಡೂ ಬೇಕು, ಯಾವುದನ್ನೂ ಮುಟ್ಟಬೇಡಿ ಎಂದು ಎಷ್ಟು ಹೇಳಿದರೂ ವಾರಕ್ಕೊಬ್ಬರು ಮುಟ್ಟಿಯೇ ಫೋನ್ ಮಾಡುತ್ತಾರೆ.

1. ಹಾಜರಿ

ಸಂಡೂರಿನ ನಿವೃತ್ತ ಮೇಷ್ಟ್ರೊಬ್ಬರು ಒಂದೇ ಹೆಸರಿನ ಎರಡು ಫೋಲ್ಡರ್ ನೋಡಿ, ಅಚ್ಚುಕಟ್ಟು ಮಾಡಲು ಹೋಗಿ, ಎಲ್ಲವನ್ನೂ ಒಂದಕ್ಕೇ ಸುರಿದಿದ್ದರು. ಹಳೇದು ಒಂದೂ ತೆರೆಯಲಿಲ್ಲ. ಸರಿಮಾಡಿ, ಇವು ಬೇರೆ ಬೇರೆ ಸೆಕ್ಷನ್ ಸರ್, ಬೆರೆಸಬಾರದು ಎಂದು ಅವರ ಭಾಷೆಯಲ್ಲೇ ಹೇಳಿ ಬಂದೆ. ಮುಂದಿನ ಸಲ ಹೋದಾಗ ಮೇಜಿನ ಮೇಲೊಂದು ನೋಟ್‌ಬುಕ್ಕು. ದಿನಾ ಬೆಳಿಗ್ಗೆ ಎರಡೂ ಸೆಕ್ಷನ್ನಿನ ಹಾಜರಿ ಹಾಕುತ್ತಿದ್ದರು. ಪ್ರಿಂಟರಿನ ಸಾಫ್ಟ್‌ವೇರಿನ ಮುಂದೆ 'ಮೂರು ದಿನ ಗೈರು, ರಜಾ ಅರ್ಜಿ ಇಲ್ಲ' ಎಂದಿತ್ತು.

2. ಪರ್ಮಿಷನ್

ಹಂಪಿಯ ಲಾಡ್ಜಿನ ಮಾಲೀಕರದು ತದ್ವಿರುದ್ಧ. ಯಾರೂ ಬಳಸದ ಹಳೇ ಫೋಟೋ ಸಾಫ್ಟ್‌ವೇರ್ ಒಂದನ್ನು ತೆಗೆಯಲು ಹೋದರೆ ನನ್ನ ಕೈ ಹಿಡಿದುಕೊಂಡರು. ಆ ಊರಲ್ಲಿ ಒಂದು ಕಲ್ಲು ಸರಿಸಲೂ ಅರ್ಜಿ ಹಾಕಿ ಅಭ್ಯಾಸವಾದ ಜೀವ.

"ಹಳೇದು ಅಂತೀರಿ, ಮತ್ತ ತಗೀತೀನಿ ಅಂತೀರಿ. ಪರ್ಮಿಷನ್ ಐತೇನ್ರಿ?"

ಅದು ಇನ್ನೂ ಅಲ್ಲೇ ಇದೆ, ಸಂರಕ್ಷಿತ ಸ್ಮಾರಕವಾಗಿ.

3. ಪ್ರೂಫು

ಕಂಪ್ಲಿಯಲ್ಲಿ ಲಗ್ನಪತ್ರಿಕೆ ಮಾಡುವ ಅಂಗಡಿಯ ಅಕ್ಕ ಒಂದು ಮಧ್ಯಾಹ್ನ ಅಳುವ ದನಿಯಲ್ಲಿ ಫೋನ್ ಮಾಡಿದರು. ಸಂಜೆಗೆ ಬುಕ್ಕಸಾಗರದವರಿಗೆ ಪತ್ರಿಕೆ ಕೊಡಬೇಕು, ಕಂಪ್ಯೂಟರಿನಲ್ಲಿ ಕನ್ನಡವೇ ಬರುತ್ತಿಲ್ಲ. ಜಾಗ ಸಾಲದೆಂದು ಬೆಳಿಗ್ಗೆ ಹಳೇ ಫೋಲ್ಡರನ್ನೇ ಅಳಿಸಿದ್ದರಂತೆ. ಅವರ ಕನ್ನಡ ಟೈಪಿಂಗ್ ಸಾಫ್ಟ್‌ವೇರ್ ಇದ್ದದ್ದೇ ಅದರಲ್ಲಿ. ಪೆನ್‌ಡ್ರೈವ್ ಜೇಬಿಗೆ ಹಾಕಿಕೊಂಡು ಸಿಕ್ಕ ಬಸ್ಸು ಹತ್ತಿದೆ.

"ಎಂಬತ್ತಾರು ಅಂತ ಇತ್ರಿ. ಅಷ್ಟು ವಯಸ್ಸಾದದ್ದು ಇನ್ನೇನು ಕೆಲಸ ಮಾಡತೈತಿ ಅಂತ ತಗದೆ" ಅಂದರು ಅಕ್ಕ.

ಪಕ್ಕದ ಕುರ್ಚಿಯಲ್ಲಿದ್ದ ಅವರ ಅತ್ತೆ ಕೆಮ್ಮಿದರು. ಅವರಿಗೂ ಹೆಚ್ಚುಕಡಿಮೆ ಅಷ್ಟೇ ವಯಸ್ಸು. ಆ ಅಂಗಡಿಯ ಪತ್ರಿಕೆಗಳಲ್ಲಿ ಒಂದು ಹೆಸರೂ ತಪ್ಪದಂತೆ ತಿದ್ದುವವರು ಅವರೇ.

ಸಾಫ್ಟ್‌ವೇರ್ ಮತ್ತೆ ಹಾಕಿದೆ. ಪರದೆಯ ಮೇಲೆ ಕನ್ನಡ ಮೂಡಿದಾಗ ಅಕ್ಕನಿಗಿಂತ ನನಗೇ ಹೆಚ್ಚು ಸಮಾಧಾನವಾಯಿತು. ಹಳೇವಕ್ಕೆ ಪ್ರತ್ಯೇಕ ಮನೆ, ಹೊಸವು ಅಲ್ಲಿ ಕಾಲಿಡುವುದಿಲ್ಲ ಎಂದು ವಿವರಿಸಿದೆ. ಅಜ್ಜಿ ಪ್ರೂಫಿನಿಂದ ತಲೆ ಎತ್ತಿದರು.

"ಸೊಸಿ ಕಾಲಿಡದಂಥಾ ಮನಿ ಐತೇನು? ನನಗೂ ಒಂದು ಮಾಡಿಕೊಡಪ್ಪ."

ಅಕ್ಕ ಟೈಪಿಸುತ್ತಲೇ ಅಂದರು, "ಮಾಡಿಕೊಡಬ್ಯಾಡ್ರಿ. ಅತ್ತಿ ಆ ಕಡೆ ಹೋದ್ರ ಈ ಅಂಗಡ್ಯಾಗ ಮತ್ತ ಕನ್ನಡ ನಿಂತುಹೋಗತೈತಿ."