ಉಕ್ಕಿನ ಮುಖ ಯಾವ ಕಡೆ

ಕೆಲವರ ಬೆನ್ನಿಗೆ ಶನಿ ಬೀಳುತ್ತಾನಂತೆ. ನನ್ನ ಬೆನ್ನಿಗೆ ಬಿದ್ದಿರುವುದು ಪಿಎಚ್‌.ಡಿ. ಹಾಗಾಗಿ ನಗೆಪಾಟಲಿನ ಪ್ರಸಂಗಗಳಿಗೆ ನಮ್ಮಲ್ಲಿ ಬರವಿಲ್ಲ. ಶಿವಮೊಗ್ಗದ ಕಾಲೇಜಿನಲ್ಲಿ ಪಾಠ, ಭದ್ರಾವತಿ ಓಲ್ಡ್ ಟೌನಿನಲ್ಲಿ ಮನೆ, ನಡುವೆ ಬಸ್ಸು, ಬಸ್ಸಿನಲ್ಲಿ ನಿದ್ದೆ.

ವಿಷಯ ಇಷ್ಟೇ. ಕಾದ ಉಕ್ಕಿನೊಳಗೆ ಹರಳುಗಳಿರುತ್ತವೆ. ಆರುವಾಗ ಅವು ಅಳಿದು ಬೇರೆ ಹರಳುಗಳು ಹುಟ್ಟುತ್ತವೆ. ಅಜ್ಜಿಯ ಮೂಗು ಮೊಮ್ಮಗಳಿಗೆ ಬಂದ ಹಾಗೆ, ಹಳೆಯವು ಮುಖ ಮಾಡಿದ್ದ ದಿಕ್ಕಿನ ಗುರುತು ಹೊಸವಕ್ಕೂ ಬರುತ್ತದೆ. ಅದು ಹೇಗೆ ಬರುತ್ತದೆಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದು ನನ್ನ ಕೆಲಸ. ಲೆಕ್ಕ ನಿಜವಾದ ಉಕ್ಕಿಗೆ ತಾಳೆಯಾಗುತ್ತಿರಲಿಲ್ಲ. ವಿಶ್ವವಿದ್ಯಾಲಯ ಕೊನೆಯ ಗಡುವು ಕೊಟ್ಟಿತ್ತು. ಈ ಸಲವೂ ಆಗದಿದ್ದರೆ ನೋಂದಣಿಯೇ ರದ್ದು.

ಫ್ಯಾನು

ಪಕ್ಕದ ಮನೆಯವರು ಉಕ್ಕಿನ ಕಾರ್ಖಾನೆಯ ಕುಲುಮೆಯ ಮುಂದೆ ದುಡಿದು ನಿವೃತ್ತರಾದವರು.

"ಕಂಪ್ಯೂಟರಲ್ಲೇ ಉಕ್ಕು ಕಾಯಿಸ್ತೀಯಂತೆ, ಹೌದಾ?"

"ಹೌದು ಸಾರ್. ಕಾಯಿಸಿ ಆರಿಸ್ತೀನಿ."

"ಆರಕ್ಕೆ ಎಷ್ಟೊತ್ತು?"

"ಸೋಮವಾರ ಶುರು ಮಾಡಿದ್ರೆ ಶುಕ್ರವಾರಕ್ಕೆ ಮುಗಿಯುತ್ತೆ."

ಅವರು ನನ್ನನ್ನು ಮರುಕದಿಂದ ನೋಡಿದರು. "ನಮ್ಮಲ್ಲಿ ಟೀ ಕುಡಿದು ಬರೋಷ್ಟರಲ್ಲಿ ಆರಿರ್ತಿತ್ತು ಮಾರಾಯ. ಒಂದು ಫ್ಯಾನಾದ್ರೂ ಹಾಕು!"

ಗೇಟು

ಹೊಳೆಹೊನ್ನೂರಿಗೆ ಹೆಣ್ಣು ನೋಡಲು ಹೋಗಿದ್ದೆವು. ಹುಡುಗಿಯ ತಂದೆ ನನ್ನ ಸಂಶೋಧನೆ ಏನೆಂದು ಕೇಳಿದರು. ಹರಳುಗಳು ಯಾವ ದಿಕ್ಕಿಗೆ ಮುಖ ಮಾಡುತ್ತವೆಂಬ ಲೆಕ್ಕ ಎಂದೆ. ಅವರ ಮುಖ ಅರಳಿತು.

"ಒಳ್ಳೇದಾಯ್ತು ಬಿಡಿ. ಹೊಸ ಮನೆ ಗೇಟು ಕಬ್ಬಿಣದ್ದೇ. ಯಾವ ಕಡೆ ಮುಖ ಮಾಡಿ ನಿಲ್ಸೋಣ ಹೇಳಿ."

"ಲೆಕ್ಕ ಇನ್ನೂ ತಾಳೆಯಾಗಿಲ್ಲ."

"ಎಷ್ಟು ವರ್ಷದಿಂದ ಮಾಡ್ತಿದ್ದೀರಿ?"

"ಆರು."

ಅವರು ಒಳಗೆ ತಿರುಗಿ ಹೇಳಿದರು: "ಉಪ್ಪಿಟ್ಟು ಸಾಕು, ಕೇಸರಿಬಾತ್ ಮಾಡ್ಬೇಡ."

ಆಯುಧಪೂಜೆ

ಲೆಕ್ಕ ಪರೀಕ್ಷಿಸಲು ಚೌಕದ ಉಕ್ಕಿನ ಬಿಲ್ಲೆಯೊಂದನ್ನು ದೂರದ ಊರಿನ ಲ್ಯಾಬಿಗೆ ಕಳಿಸಿದ್ದೆ. ಚೌಕವಾದ್ದರಿಂದ ಉಕ್ಕನ್ನು ಲಟ್ಟಿಸಿದ ಉದ್ದ ಯಾವುದು, ಅಡ್ಡ ಯಾವುದು ಎಂದು ನೋಡಿದರೆ ತಿಳಿಯದು. ಅದಕ್ಕೇ ಹಿಂಬದಿಯಲ್ಲಿ ಮಾರ್ಕರಿನಿಂದ ಉದ್ದದ ಗುರುತಿಗೆ ಬಾಣ ಬರೆದಿದ್ದೆ. ಲ್ಯಾಬಿನ ಫಲಿತಾಂಶ ನನ್ನ ಲೆಕ್ಕಕ್ಕೆ ಪೂರ್ತಿ ಅಡ್ಡಡ್ಡ ಬಂತು. ತಪ್ಪು ನನ್ನದೇ ಎಂದು ವರ್ಷವಿಡೀ ಲೆಕ್ಕವನ್ನು ತಿದ್ದಿದೆ. ಗಡುವು ಹತ್ತಿರ ಬಂತು. ನಿದ್ದೆ ಬಸ್ಸಿನಲ್ಲೂ ಬರದಾಯಿತು.

ಕಡೆಗೆ ಗೈಡ್ ಮೇಡಂ ಮನೆಗೇ ಬಂದು, ಲ್ಯಾಬಿನವನಿಗೆ ಫೋನ್ ಮಾಡಿ ಸ್ಪೀಕರ್ ಒತ್ತಿದರು. "ಬಿಲ್ಲೇನ ಬಾಣ ನೋಡಿ ತಾನೇ ಮೆಷಿನ್‌ನಲ್ಲಿ ಇಟ್ಟಿದ್ದು?"

"ಬಾಣ ಎಲ್ಲಿತ್ತು ಮೇಡಂ? ಮೂರು ಬಿಳಿ ಗೆರೆ ಇತ್ತು. ಆ ಗೆರೆಗುಂಟ ಇಟ್ಟೆ."

ಮೂರು ಬಿಳಿ ಗೆರೆ! ಬಿಲ್ಲೆ ಕಳಿಸಿದ್ದು ಆಯುಧಪೂಜೆಯ ಮರುದಿನ, ಹಿಂಬದಿ ತಿರುಗಿಸಿ ನೋಡದೆ. ನಾನು ಅಡುಗೆಮನೆಯ ಕಡೆ ತಿರುಗಿದೆ.

ಅಮ್ಮ ಕೈ ಒರೆಸಿಕೊಳ್ಳುತ್ತ ಬಂದಳು. "ಹೂಂ, ಪೂಜೆಗಿಟ್ಟಿದ್ದೆ. ಕರೀ ಮಸಿ ಆಗಿತ್ತು, ಉಜ್ಜಿ ವಿಭೂತಿ ಹಚ್ಚಿದೆ. ನಿನ್ನ ಅನ್ನದ ಆಯುಧ ಅಲ್ವೇನೋ ಅದು?"

"ಅಮ್ಮಾ, ಆ ಮಸಿ ಬಾಣ!"

"ಕಂಡಿತ್ತಪ್ಪ, ನಂಗೇನು ಕಣ್ಣಿಲ್ವಾ? ಬಾಣದ ಮೂತಿ ಮೇಲಕ್ಕೆ ಮಾಡ್ಕೊಂಡೇ ಉಜ್ಜಿ, ನೆಟ್ಟಗೆ ಅಡ್ಡ ಎಳ್ದೆ."

ಮೇಡಂ ಲ್ಯಾಪ್‌ಟಾಪಿನಲ್ಲಿ ಲ್ಯಾಬಿನ ಫಲಿತಾಂಶವನ್ನು ಕಾಲು ಸುತ್ತು ತಿರುಗಿಸಿದರು. ಅದು ನನ್ನ ಹೋದ ವರ್ಷದ, ಇನ್ನೂ ತಿದ್ದದಿದ್ದ ಲೆಕ್ಕದ ಮೇಲೆ ಸರಿಯಾಗಿ ಕೂತಿತು. ನನ್ನ ಕಣ್ಣಲ್ಲಿ ನೀರು ಬಂತು. ನೋಂದಣಿ ಉಳಿಯಿತೆಂಬ ಸಂತೋಷಕ್ಕೋ, ಹಾಳಾದ ವರ್ಷದ ಸಂಕಟಕ್ಕೋ, ನನಗೇ ತಿಳಿಯಲಿಲ್ಲ.

"ಸರಿ ಇದ್ದ ಲೆಕ್ಕಾನ ವರ್ಷಪೂರ್ತಿ ರಿಪೇರಿ ಮಾಡಿದ್ದೀಯಲ್ಲೋ," ಎಂದು ಮೇಡಂ ನಿಟ್ಟುಸಿರುಬಿಟ್ಟರು. "ಇನ್ನು ಪರೀಕ್ಷಕರು ಕೇಳ್ತಾರೆ, ಬಾಣವೇ ಇಲ್ಲದ ಮೇಲೆ ಉದ್ದ ಯಾವುದು ಅಂತ ಹೇಗೆ ಗೊತ್ತಾಯ್ತು ಅಂತ. ಏನು ಹೇಳ್ತೀಯಾ?"

ನಾನು ಬಾಯಿ ತೆರೆಯುವ ಮೊದಲೇ ಅಮ್ಮ ಸೊಂಟದ ಮೇಲೆ ಕೈಯಿಟ್ಟಳು.

"ಅಷ್ಟೆಲ್ಲ ಓದಿರೋರು, ವಿಭೂತಿ ನೋಡಿದ್ರೆ ತಲೆ ಯಾವ ಕಡೆ ಅಂತ ಗೊತ್ತಾಗಲ್ವೇನ್ರೀ ಅವ್ರಿಗೆ?"