ಕ್ಲಿಪ್ಪಿಲ್ಲದ ಫೋಟೋ

ಎಲ್ಲದಕ್ಕೂ ಮೂಲ, ಬಟ್ಟೆ ಒಣಹಾಕುವ ಒಂದು ಕ್ಲಿಪ್ಪು. ಹಸಿರು ಬಣ್ಣದ್ದು, ಪ್ಲಾಸ್ಟಿಕ್ಕಿನದು. ಹೋದ ವರ್ಷ ಅದು ತಂತಿಯಿಂದ ಜಾರಿ ನಕ್ಷೆಗಾರನ ರೈಲು ನಿಲ್ದಾಣದ ಛಾವಣಿಯ ಮೇಲೆ ಬಿದ್ದಿತ್ತು. ಅವನು ನೋಡಿರಲಿಲ್ಲ. ಕ್ಯಾಮೆರಾ ನೋಡಿತ್ತು.

ಮಾದರಿ ರೈಲುಗಳಿಗೆಂದೇ ಇರುವ ಮಾಸಪತ್ರಿಕೆಯೊಂದು ವರ್ಷಕ್ಕೊಮ್ಮೆ ಫೋಟೋ ಸ್ಪರ್ಧೆ ನಡೆಸುತ್ತಿತ್ತು. ಅವನು ಕಳಿಸಿದ ಚಿತ್ರ ಎರಡು ಸಾಲಿನ ಕಾಗದದೊಂದಿಗೆ ವಾಪಸು ಬಂತು. 'ಚಿತ್ರ ಸೊಗಸಾಗಿದೆ. ಆದರೆ ಛಾವಣಿಯ ಮೇಲೆ ಹಸಿರು ಮೊಸಳೆಯೊಂದು ಬಾಯಿ ಬಿಟ್ಟುಕೊಂಡು ಮಲಗಿರುವುದರಿಂದ ಆಟಿಕೆ ಆಟಿಕೆಯಾಗಿಯೇ ಉಳಿದಿದೆ.'

ಸರ್ವೆ ಕಚೇರಿಯಲ್ಲಿ ಇಪ್ಪತ್ತು ವರ್ಷದಿಂದ ಬೆಟ್ಟಗಳನ್ನು ಕಾಗದದ ಮೇಲೆ ಗೆರೆಗಳಾಗಿ ಎಳೆಯುತ್ತ ಬಂದವನು ಅವನು. ಒಂದು ಬೆಟ್ಟವನ್ನೂ ಹತ್ತಿದವನಲ್ಲ. ಹನ್ನೊಂದು ವರ್ಷದ ಹಿಂದೆ, ಯಾರಿಗೂ ಏನೂ ಹೇಳದೆ, ಹಿತ್ತಿಲಿನಲ್ಲಿ ಒಂದು ಬೆಟ್ಟ ಕಟ್ಟತೊಡಗಿದ. ಒಡೆದ ಇಟ್ಟಿಗೆ, ಹಳೆಯ ಗಾರೆ, ಮೇಲೆ ಪಾಚಿ. ಬೆಟ್ಟದ ಸುತ್ತ ಎರಡು ಬೆರಳಗಲದ ನ್ಯಾರೋಗೇಜ್ ಹಳಿ. ಚರಂಡಿ ಪೈಪಿನ ಸುರಂಗ, ಸೈಕಲ್ ಕಡ್ಡಿಗಳ ಸೇತುವೆ, ಬಿಸ್ಕತ್ ಡಬ್ಬಿಯ ತಗಡು ಹೊದಿಸಿದ ನಿಲ್ದಾಣ. ಮೊಳದುದ್ದದ ಎಂಜಿನ್ನು ನಿಜವಾದ ಹಬೆಯದು. ಹೊಟ್ಟೆಗೆ ಒಂದು ಲೋಟ ನೀರು, ಕೆಳಗೆ ಸ್ಪಿರಿಟ್ಟಿನ ದೀಪ ಕೊಟ್ಟರೆ ಎಂಟು ನಿಮಿಷ ಓಡಿ, ಆಮೇಲೆ ಸುಸ್ತಾಗಿ ನಿಲ್ಲುತ್ತಿತ್ತು. ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ, ಬೆನ್ನು ತಿರುಗಿಸಿಕೊಂಡು, ಒಬ್ಬಳೇ ಒಬ್ಬಳು ಪ್ರಯಾಣಿಕಳು. ಬೆರಳುದ್ದದ ಆ ಹೆಂಗಸಿಗೆ ಅವನು ತೊಡಿಸಿದ್ದು ಹೆಂಡತಿಯ ಹಳೆಯ ನೀಲಿ ಬಟ್ಟೆಯ ಚೂರು. ಕೇಳಿ ತೆಗೆದುಕೊಂಡಿದ್ದಲ್ಲ.

ಬೀದಿಯವರು ಅವನನ್ನು 'ಸ್ಟೇಷನ್ ಮಾಸ್ಟ್ರು' ಎಂದು ಕರೆಯುತ್ತಿದ್ದರು. ಗೌರವದಿಂದಲ್ಲ.

ಈ ವರ್ಷ ಹೆಂಡತಿಯ ತಮ್ಮ ಕಾರು ಕೊಂಡ. ಅವನ ಮನೆಯ ಮುಂದೆ ಮರ, ಮರದ ಮೇಲೆ ಕಾಗೆಗಳು. ಕಾಗೆಗಳಿಂದ ಕಾರನ್ನು ಕಾಪಾಡಲು ಅಕ್ಕನ ಹಿತ್ತಿಲಲ್ಲಿ ಶೆಡ್ಡು ಕಟ್ಟಬೇಕು ಎಂದಾಯಿತು. ಹಿತ್ತಿಲಿನ ಗೇಟು ಹೇಗೂ ಹಿಂದಿನ ಗಲ್ಲಿಗೆ ತೆರೆಯುತ್ತದೆ. ಬೆಟ್ಟ ಮಾತ್ರ ಅಡ್ಡ.

ಆರು ತಿಂಗಳ ಜಗಳದ ಕೊನೆಗೆ ಹೆಂಡತಿ ತೀರ್ಪು ಕೊಟ್ಟಿದ್ದಳು. "ನೋಡ್ರೀ, ಕೊನೇ ಮಾತು. ಈ ಸಲ ಆ ಪತ್ರಿಕೆಯವರು ನಿಮ್ಮ ಫೋಟೋ ಹಾಕಿದ್ರೆ ರೈಲು ಇರ್ಲಿ. ನಾನೇ ನನ್ನ ತಮ್ಮಂಗೆ ಬೇಡ ಅಂತೀನಿ. ಇಲ್ಲಾಂದ್ರೆ ಶೆಡ್ಡು. ಆಮೇಲೆ ಮುಖ ಊದಿಸ್ಕೊಂಡು ಕೂತ್ಕೋಬಾರ್ದು."

ಚಿತ್ರ ಕಳಿಸಲು ಕೊನೆಯ ದಿನ ಇವತ್ತು, ಕೊನೆಯ ಗಳಿಗೆ ಸಂಜೆ ಐದು. ಸಂಚಿಕೆ ಇವತ್ತೇ ಅಚ್ಚಿಗೆ. ಅವನು ಕಚೇರಿಗೆ ಹೊಟ್ಟೆನೋವೆಂದು ಹೇಳಿ ರಜೆ ಹಾಕಿದ್ದ. ಅದು ಪೂರ್ತಿ ಸುಳ್ಳೂ ಅಲ್ಲ. ದಿನವೆಲ್ಲ ಹೊಟ್ಟೆಯ ಮೇಲೆಯೇ ಮಲಗಿರಬೇಕಿತ್ತು.

ಏಕೆಂದರೆ ಗುಟ್ಟಿರುವುದೇ ಅಲ್ಲಿ. ನಿಂತು ನೋಡಿದರೆ ಎಲ್ಲ ರೈಲೂ ಆಟಿಕೆ. ಕೆನ್ನೆ ಮಣ್ಣಿಗೆ ತಾಗುವಂತೆ ಮಲಗಿ, ಕ್ಯಾಮೆರಾವನ್ನು ಹಳಿಯ ಮಟ್ಟಕ್ಕೆ ಇಳಿಸಿದರೆ ಪಾಚಿ ಕಾಡಾಗುತ್ತದೆ, ಇಟ್ಟಿಗೆ ಬಂಡೆಯಾಗುತ್ತದೆ. ಆದರೆ ಅಳತೆಯ ಗುಟ್ಟು ಬಿಟ್ಟುಕೊಡುವ ಒಂದೇ ಒಂದು ಇರುವೆ ಚೌಕಟ್ಟಿನೊಳಗೆ ಬಂದರೆ ಮುಗಿಯಿತು. ಅವನು ಬೆಳಿಗ್ಗೆ ಐದೂವರೆಗೇ ಎದ್ದು ಬೆಟ್ಟವನ್ನು ಹಲ್ಲುಜ್ಜುವ ಬ್ರಷ್ಷಿನಿಂದ ಗುಡಿಸಿದ್ದ. ಉದುರಿದ ಎಲೆಗಳನ್ನು ಚಿಮಟದಿಂದ ಹೆಕ್ಕಿದ್ದ. ತಂತಿಯ ಮೇಲಿನ ಕ್ಲಿಪ್ಪುಗಳನ್ನೆಲ್ಲ ಕಿತ್ತು, ಅಪರಾಧಿಗಳನ್ನು ಎಣಿಸುವಂತೆ ಎಣಿಸಿ, ಡಬ್ಬಿಗೆ ಹಾಕಿ ಮುಚ್ಚಳ ಬಿಗಿದಿದ್ದ.

ಏಳು ಗಂಟೆಯ ತಣ್ಣನೆಯ ಗಾಳಿಯಲ್ಲಿ ಹಬೆ ಹತ್ತಿಯಂತೆ ಎದ್ದಿತು. ಎಂಜಿನ್ನನ್ನು ಹೊರಡಿಸಿ, ಓಡಿಬಂದು, ದೊಪ್ಪನೆ ಮಲಗಿ, ಉಸಿರು ಬಿಗಿಹಿಡಿದ. ರೈಲು ಸುರಂಗದಿಂದ ಮೂತಿ ಹಾಕಿತು. ಅವನು ಗುಂಡಿ ಒತ್ತಿದ. ಆ ಕ್ಷಣಕ್ಕೆ ಬೆಟ್ಟದ ಹಿಂದಿನಿಂದ ಬೋಳು ತಲೆಯೊಂದು ಸೂರ್ಯನಂತೆ ಮೂಡಿತು.

"ಏನ್ರೀ ಸ್ಟೇಷನ್ ಮಾಸ್ಟ್ರೇ, ನೆಲಕ್ಕೆ ಬಿದ್ಬಿಟ್ಟಿದೀರಿ? ಎದೆನೋವಾ?"

ಪಕ್ಕದ ಮನೆಯ ನಿವೃತ್ತ ಡ್ರಿಲ್ ಮೇಷ್ಟ್ರು, ಕಾಂಪೌಂಡ್ ಗೋಡೆಯ ಮೇಲೆ ಗದ್ದ ಊರಿಕೊಂಡು ನಿಂತಿದ್ದರು.

"ಫೋಟೋ ತೆಗೀತಿದೀನಿ ಮೇಷ್ಟ್ರೇ. ಸ್ವಲ್ಪ ತಲೆ ಕೆಳಗೆ ಮಾಡ್ತೀರಾ?"

"ಮೊದ್ಲೇ ಹೇಳ್ಬಾರ್ದಾ? ತಲೆ ಬಾಚ್ಕೊಂಡು ಬರ್ತಿದ್ದೆ," ಎಂದರು ಮೇಷ್ಟ್ರು. ಬಾಚಲು ಅಲ್ಲಿ ಏನೂ ಇರಲಿಲ್ಲ.

ಅವನು ಆ ಚಿತ್ರವನ್ನು ಅಳಿಸಿದ. ಎರಡನೆಯ ಸಲ ಹಬೆ ಏಳುವ ಹೊತ್ತಿಗೆ ಹೆಂಡತಿ ಬಟ್ಟೆಯ ಬಕೆಟ್ಟು ಹಿಡಿದು ಬಂದಳು.

"ನನ್ನ ಕ್ಲಿಪ್ಪೆಲ್ಲ ಎಲ್ಲಿಟ್ರಿ?"

"ಇವತ್ತೊಂದಿನ ಒಳಗೆ ಒಣಗಿಸೇ."

"ಒಳಗೆ ಬಿಸಿಲು ತಂದು ಕೊಡ್ತೀರಾ?" ಎನ್ನುತ್ತ ಅವಳು ಕ್ಲಿಪ್ಪಿಲ್ಲದೆಯೇ ಹಾಸಿಗೆಯ ಹೊದಿಕೆಯನ್ನು ತಂತಿಗೆ ಎಸೆದಳು. ಅದು ಒಂದು ಗಳಿಗೆ ಯೋಚಿಸಿ, ಜಾರಿ, ಬೆಟ್ಟ ಸೇತುವೆ ಎಂಜಿನ್ನು ಎಲ್ಲವನ್ನೂ ಮುಚ್ಚಿಕೊಂಡು ಬಿತ್ತು. ದೀಪ ಚುಂಯ್ ಎಂದು ಆರಿತು. ಚಿತ್ರದಲ್ಲಿ ಸಿಕ್ಕಿದ್ದು ಅವಳ ಹಿಮ್ಮಡಿ, ಗುಮ್ಮಟದಷ್ಟು ದೊಡ್ಡದು. ಅದನ್ನೂ ಅಳಿಸಿದ.

ಹೊದಿಕೆ ತೆಗೆದು, ದೀಪ ಒಣಗಿಸುವಷ್ಟರಲ್ಲಿ ಭಾವಮೈದುನ ಅಳತೆಪಟ್ಟಿ ಹಿಡಿದು ಬಂದ.

"ಭಾವ, ನೀವ್ ನಿಮ್ ಪಾಡಿಗೆ ತೆಗೀರಿ. ನಾನು ಸುಮ್ನೆ ಉದ್ದ ಅಗಲ ನೋಡ್ಕೊಂಡ್ ಹೋಗ್ತೀನಿ. ಪಟ್ಟಿಯ ಈ ತುದಿ ಸ್ವಲ್ಪ ಹಿಡ್ಕೊಳ್ಳಿ."

"ಇನ್ನೂ ಫಲಿತಾಂಶವೇ ಬಂದಿಲ್ವಲ್ಲೋ."

"ಬರುತ್ತಲ್ಲ ಭಾವ," ಎಂದ ಅವನು ಬಹಳ ಮೃದುವಾಗಿ, ರೋಗಿಯ ಮುಂದೆ ಡಾಕ್ಟರು ಮಾತಾಡುವಂತೆ. ಒಂದು ಹೆಜ್ಜೆ ಹಿಂದಕ್ಕಿಟ್ಟ. ಬೂಟು ಪ್ಲಾಟ್‌ಫಾರ್ಮಿನ ಪಕ್ಕದಲ್ಲಿ ಹಡಗಿನಂತೆ ಲಂಗರು ಹಾಕಿತು. ನಿಲ್ದಾಣದ ಪುಟ್ಟ ನೀರಿನ ತೊಟ್ಟಿ ಅದರಡಿಯಲ್ಲಿ ಅಪ್ಪಚ್ಚಿಯಾಯಿತು. ನಕ್ಷೆಗಾರ ಅಷ್ಟರಲ್ಲಿ ಒತ್ತಿಬಿಟ್ಟಿದ್ದ ಬೂಟಿನ ಚಿತ್ರವನ್ನು ಅಳಿಸಿ, ಅಂಟು ಹುಡುಕಲು ಒಳಗೆ ಹೋದ. ಬೈಯಬೇಕೆಂದು ಅವನಿಗೆ ಯಾವಾಗಲೂ ಅನಿಸುತ್ತಿತ್ತು. ಬೈಗುಳ ಗಂಟಲಿಗೆ ಬರುವಷ್ಟರಲ್ಲಿ ಬೈಸಿಕೊಳ್ಳಬೇಕಾದವರು ಹೊರಟುಹೋಗಿರುತ್ತಿದ್ದರು.

ಮಧ್ಯಾಹ್ನದ ಬಿಸಿಲಿಗೆ ಹಬೆ ಕಣ್ಣಿಗೇ ಬೀಳದಾಯಿತು. ಡ್ರಿಲ್ ಮೇಷ್ಟ್ರಿಗೆ ಮರುಕ ಹುಟ್ಟಿ, ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಗೋಡೆ ದಾಟಿಯೇ ಬಂದರು.

"ಹೊಗೆ ತಾನೇ ಬೇಕು ನಿಮಗೆ? ನಲವತ್ತು ವರ್ಷದಿಂದ ಬಿಡ್ತಿದೀನಿ. ನಾನು ಸುರಂಗದ ಆ ಕಡೆ ಮಲಗಿ ಸಿಗರೇಟ್ ಹೊಗೆ ಊದ್ತೀನಿ, ನೀವು ಈ ಕಡೆಯಿಂದ ಒತ್ತಿ. ರೆಡೀ... ಒನ್, ಟೂ..."

ಮೇಷ್ಟ್ರು ಬೋರಲು ಮಲಗಿ ಪೈಪಿಗೆ ಬಾಯಿಟ್ಟರು. ಹೊಗೆ ನಿಜಕ್ಕೂ ಚೆನ್ನಾಗಿಯೇ ಬಂತು. ಆದರೆ ರೈಲು ಒಳಹೊಕ್ಕೊಡನೆ ಬಿಸಿ ಹಬೆ ಅತ್ತ ಕಡೆ ನುಗ್ಗಿ, ಮೇಷ್ಟ್ರಿಗೆ ಕೆಮ್ಮು ಹತ್ತಿ, ಮೂರನೆಯ ಕೆಮ್ಮಿಗೆ ಅವರ ಕಟ್ಟಿಸಿದ ಹಲ್ಲಿನ ಮೇಲಿನ ಸಾಲು ಪೂರ್ತಿಯಾಗಿ ಹಾರಿ ಸುರಂಗದೊಳಗೆ ಹೋಯಿತು. ರೈಲು ಅದನ್ನು ಮುಂದಕ್ಕೆ ತಳ್ಳಿಕೊಂಡು ಈಚೆ ಬಂತು. ಆ ಚಿತ್ರದಲ್ಲಿ ಎಂಜಿನ್ನು ನಗುತ್ತಿತ್ತು.

"ಅಳಿಶಿಬಿಡಿ! ಮೊದ್ಲು ಅದನ್ನ ಅಳಿಶಿ!" ಎಂದು ಮೇಷ್ಟ್ರು ಬೊಚ್ಚುಬಾಯಲ್ಲಿ ಕೂಗಿದರು. ಅವನು ಅಳಿಸಿದ. ತೊಳೆದ ಹಲ್ಲನ್ನು ಬಾಯಿಗೆ ಸೇರಿಸಿಕೊಂಡು ಮೇಷ್ಟ್ರು ತಿರುಗಿ ನೋಡದೆ ಹೋದರು.

ಮೂರೂವರೆಗೆ ಮೋಡ ಕವಿಯಿತು. ಗಾಳಿ ತಂಪಾಯಿತು. ಹೆಂಡತಿ ಮಲಗಿದ್ದಳು, ಗೋಡೆಯಾಚೆ ಸದ್ದಿಲ್ಲ. ಬೀದಿಯೇ ಉಸಿರು ಹಿಡಿದಂತಿತ್ತು. ಅವನು ಕೊನೆಯ ಬಾಟಲಿಯ ಸ್ಪಿರಿಟ್ಟನ್ನು ದೀಪಕ್ಕೆ ಸುರಿದ. ರೈಲು ಹೊರಟಿತು. ಕೆನ್ನೆಯಡಿಯ ಮಣ್ಣಿನಲ್ಲಿ ಅದರ ಸಣ್ಣ ನಡುಕ ಅವನಿಗೆ ತಿಳಿಯುತ್ತಿತ್ತು. ಸೇತುವೆ ದಾಟಿ, ಹಬೆಯನ್ನು ಹೆಗಲ ಮೇಲೆ ಹೊದ್ದುಕೊಂಡು, ನೀಲಿ ಬಟ್ಟೆಯವಳು ಕಾಯುತ್ತಿದ್ದ ನಿಲ್ದಾಣದತ್ತ ಅದು ತಿರುಗಿದಾಗ ಅವನು ಗುಂಡಿ ಒತ್ತಿದ.

ಚಿತ್ರವನ್ನು ಮೂಲೆಮೂಲೆ ಹಿಗ್ಗಿಸಿ ನೋಡಿದ. ಇರುವೆಯಿಲ್ಲ, ಎಲೆಯಿಲ್ಲ. ಕ್ಲಿಪ್ಪಿಲ್ಲ. ಬೆಟ್ಟದ ನಡುವಿನ ಒಂದು ಊರು, ಒಂದು ರೈಲು, ಒಬ್ಬಳು ಹೆಂಗಸು. ಹನ್ನೊಂದು ವರ್ಷ ಸಾರ್ಥಕವಾಯಿತು ಅನಿಸಿ ಕಣ್ಣು ತುಂಬಿತು.

ಬಿಸಿ ಎಂಜಿನ್ನನ್ನು ಮುಟ್ಟುವಂತಿಲ್ಲ. ಆರಲೆಂದು ನಿಲ್ದಾಣದಲ್ಲೇ ನಿಲ್ಲಿಸಿ ಒಳಗೆ ಹೋದ. ಕಾಲು ಗಂಟೆ ಹೆಣಗಿ ಕಂಪ್ಯೂಟರಿನಿಂದ ಚಿತ್ರ ಕಳಿಸಿದ. ಕಳಿಸಿ, ಕುರ್ಚಿಗೆ ಒರಗಿ ಕಣ್ಣು ಮುಚ್ಚಿದ. ಎಲ್ಲೋ ದೂರದಲ್ಲಿ ಧಡಧಡಧಡ ಎಂದು ಭಾರಿ ಸದ್ದಾಯಿತು. ದೊಡ್ಡ ರೈಲೊಂದು ಕಬ್ಬಿಣದ ಸೇತುವೆ ದಾಟುವ ಸದ್ದಿನಂತೆ ಅವನಿಗೆ ಕೇಳಿಸಿತು. ಅವನು ನಕ್ಕ. ಆ ದಿನ ಅವನು ನಕ್ಕಿದ್ದು ಅದೊಂದೇ ಸಲ.

ಐದಕ್ಕೆ ಇಪ್ಪತ್ತು ನಿಮಿಷವಿದ್ದಾಗ ಫೋನು ಬಂತು. ಪತ್ರಿಕೆಯ ಉಪಸಂಪಾದಕಿ.

"ಸರ್, ನಿಮ್ಮ ಫೋಟೋ ಅದ್ಭುತವಾಗಿದೆ. ಇಡೀ ಆಫೀಸೇ ನಿಂತು ನೋಡ್ತು."

ಅವನು ಕುರ್ಚಿಯಿಂದ ಎದ್ದು ನಿಂತ.

"ಆದ್ರೆ ಸರ್, ಇದು ಮಾದರಿ ರೈಲುಗಳ ಸ್ಪರ್ಧೆ. ನಿಜವಾದ ರೈಲಿನ ಫೋಟೋ ತಗೊಳ್ಳೋ ಹಾಗಿಲ್ಲ."

"ಅಮ್ಮಾ, ಅದು ಮಾದರೀನೇ! ನಮ್ಮ ಹಿತ್ತಿಲು!"

"ಎಲ್ರೂ ಹಾಗೇ ಅಂತಾರೆ ಸರ್. ಹೋದ ವರ್ಷ ಒಬ್ರು ನಿಜವಾದ ರೈಲು ಕಳ್ಸಿ ಬಹುಮಾನ ಹೊಡ್ಕೊಂಡ್ರು, ಆಗಿಂದ ಸಂಪಾದಕರು ಯಾರನ್ನೂ ನಂಬಲ್ಲ. ಅದೇ ಜಾಗದ್ದು ಇನ್ನೊಂದು ಫೋಟೋ ಇದ್ಯಾ? ಕೈಯೋ ಕಾಲೋ ಬಂದಿರೋದು? ಒಂದು ಬಟ್ಟೆ ಕ್ಲಿಪ್ಪಾದ್ರೂ ಸಾಕು ಸರ್. ಐದರವರೆಗೆ ಪುಟ ಇಟ್ಕೊಂಡಿರ್ತೀನಿ."

ಬೋಳು ತಲೆ, ಹಿಮ್ಮಡಿ, ಬೂಟು, ಹಲ್ಲು. ಒಂದೊಂದನ್ನೂ ಅವನೇ, ತನ್ನ ಹೆಬ್ಬೆರಳಿನಿಂದಲೇ, ಅಳಿಸಿದ್ದ.

ಕ್ಯಾಮೆರಾವನ್ನೂ ಕ್ಲಿಪ್ಪಿನ ಡಬ್ಬಿಯನ್ನೂ ಹಿಡಿದು ಹಿತ್ತಿಲಿಗೆ ಓಡಿದ. ಬಾಗಿಲಲ್ಲೇ ನಿಂತ.

ಬೆಟ್ಟವಿದ್ದ ಕಡೆ ಜಲ್ಲಿಯ ರಾಶಿ. ತೆರೆದ ಗೇಟಿನಾಚೆ ಟಿಪ್ಪರು ಗಲ್ಲಿಯ ತಿರುವಿನಲ್ಲಿ ಮರೆಯಾಗುತ್ತಿತ್ತು. ಭಾವಮೈದುನ ಕೈ ಹಿಸುಕಿಕೊಳ್ಳುತ್ತ ನಿಂತಿದ್ದ.

"ಭಾವ, ದೇವರಾಣೆ ನಾಳೆ ಬನ್ನಿ ಅಂದಿದ್ದೆ. ಇವತ್ತೇ ಬಂದ್ಬಿಟ್ಟ. ಆ ಮೂಲೇಲಿ ಸುರಿಯಪ್ಪಾ ಅಂದ್ರೆ ಇಲ್ಲೇ ಸುರಿದ. ಪಾಪ ಅವನಿಗೇನು ಗೊತ್ತು, ಕೆಳಗೆ ರೈಲಿದೆ ಅಂತ?"

ನಕ್ಷೆಗಾರ ರಾಶಿಯ ಸುತ್ತ ನಡೆದ. ರಾಶಿಯ ಅಂಚಿನಲ್ಲಿ ಎಂಜಿನ್ನಿನ ಹೊಗೆಕೊಳವೆ ಒಂದಿಷ್ಟು ಹೊರಗೆ ಕಾಣುತ್ತಿತ್ತು. ಅದರ ಬಾಯಿಂದ ಎಳೆಯಷ್ಟು ಹಬೆ ಇನ್ನೂ ಏಳುತ್ತಿತ್ತು. ಐದಕ್ಕೆ ಹದಿನೈದು ನಿಮಿಷ. ಅವನು ನೆಲಕ್ಕೆ ಬಿದ್ದು, ಕೆನ್ನೆ ಮಣ್ಣಿಗೆ ಒತ್ತಿ, ಚೌಕಟ್ಟಿಗೆ ಬಂದ ಒಂದು ಒಣ ಎಲೆಯನ್ನು ಬೆರಳಿನಿಂದ ಸರಿಸಿ, ಗುಂಡಿ ಒತ್ತಿದ. ಹನ್ನೊಂದು ವರ್ಷದ ರೂಢಿ. ಕ್ಲಿಪ್ಪಿನ ಡಬ್ಬಿ ಅವನ ಬೆನ್ನ ಹಿಂದೆ, ಮುಚ್ಚಳ ಬಿಗಿದುಕೊಂಡು, ಹಾಗೆಯೇ ಕೂತಿತ್ತು.

ಚಿತ್ರ ಕಳಿಸಿದ ಎರಡು ನಿಮಿಷಕ್ಕೆ ಫೋನು ಬಂತು. ಉಪಸಂಪಾದಕಿಯೇ.

"ಅಯ್ಯೋ ಸರ್, ಗುಡ್ಡ ಕುಸಿದಿದ್ಯಲ್ಲ! ಯಾವಾಗ ಆಯ್ತು? ಈ ಟೈಮಲ್ಲಿ ನಿಮ್ಮನ್ನ ಫೋಟೋ ಕೇಳ್ಬಾರ್ದಿತ್ತು ನಾನು. ಅಪಘಾತದ ಚಿತ್ರ ನಾವು ಹಾಕಲ್ಲ ಸರ್. ಯಾರಿಗೂ ಏನೂ ಆಗಿಲ್ಲ ತಾನೆ?"

ಅವನು ಪರದೆಯ ಮೇಲೆ ಮೊದಲ ಚಿತ್ರವನ್ನು ತೆರೆದ.

"ನಿಲ್ದಾಣದಲ್ಲಿ ಒಬ್ಬಳು ಹೆಂಗಸಿದ್ದಳು," ಎಂದು ಫೋನು ಇಟ್ಟ.

ದೀಪ ಹಚ್ಚುವ ಹೊತ್ತಿಗೆ ಹೆಂಡತಿ ಕೋಣೆಗೆ ಬಂದಳು. ಕಂಪ್ಯೂಟರಿನ ಮುಂದೆ ಅವನು ಹಾಗೇ ಕೂತಿದ್ದ. ಪರದೆಯ ತುಂಬ ಆ ಮೊದಲ ಚಿತ್ರ.

"ಅವನಿಗೆ ಚೆನ್ನಾಗಿ ಬೈದಿದೀನಿ ಕಣ್ರೀ. ಒಂದು ಮಾತು ಕೇಳ್ದೆ ಸುರಿಸ್ಬಿಟ್ನಲ್ಲ," ಎಂದು ತಪ್ಪಿತಸ್ಥಳಂತೆ ಶುರು ಮಾಡಿದವಳು ಪರದೆ ನೋಡಿ ನಿಂತಳು. ಕುರ್ಚಿಯ ಬೆನ್ನು ಹಿಡಿದು, ಬಗ್ಗಿ, ಅವನ ಭುಜದ ಮಟ್ಟಕ್ಕೆ ಮುಖ ತಂದಳು. ಹನ್ನೊಂದು ವರ್ಷದಲ್ಲಿ ಅವಳು ರೈಲಿಗಾಗಿ ಬಗ್ಗಿದ್ದು ಅದೇ ಮೊದಲು.

"ಎಷ್ಟು ಚೆನ್ನಾಗಿದೆ! ಎಂಥ ತಂಪು ಜಾಗ ನೋಡಿ. ಆ ಬೆಂಚ್ ಮೇಲಿರೋವಳು ಪಾಪ, ಎಷ್ಟೊತ್ತಿಂದ ಕಾಯ್ತಿದಾಳೋ. ನನ್ನ ಹತ್ರಾನೂ ಅಂಥದೇ ನೀಲಿ ಬಟ್ಟೆ ಒಂದಿತ್ತು, ಎಲ್ಲಿ ಹೋಯ್ತೋ." ಅವಳು ನಿಟ್ಟುಸಿರು ಬಿಟ್ಟಳು. "ಮದುವೆಯಾಗಿ ಇಪ್ಪತ್ತೆರಡು ವರ್ಷ. ಇಂಥ ಒಂದು ಊರಿಗೆ ಒಂದು ದಿನ ಕರ್ಕೊಂಡು ಹೋಗ್ಲಿಲ್ಲ ನೀವು. ಯಾವಾಗ ನೋಡಿದ್ರೂ ಆ ಹಿತ್ತಿಲು, ಆ ಹಿತ್ತಿಲು. ಇದ್ಯಾವ ಊರ್ರೀ? ಈ ರಜಕ್ಕೆ ಹೋಗೋಣ್ವಾ?"

ಹಿಂದುಗಡೆ, ಕತ್ತಲಾಗುತ್ತಿದ್ದ ಹಿತ್ತಿಲಲ್ಲಿ, ರಾಶಿಯಿಂದ ಒಂದು ಜಲ್ಲಿಕಲ್ಲು ಉರುಳಿ ಟಣ್ ಎಂದು ತಗಡಿಗೆ ಬಡಿದ ಸದ್ದಾಯಿತು.

"ಆಗಲ್ಲ," ಎಂದ ಅವನು. "ಆ ಲೈನು ಮುಚ್ಚಿಬಿಟ್ರು."